ಪಂಕ್ತಿಯಲ್ಲಿ ರೂಪುಗೊಳ್ಳುವ ವ್ಯಕ್ತಿ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ನಡೆದ ಉಪನ್ಯಾಸದ ಲಿಖಿತರೂಪ)

 

ಉತ್ಸವದ ಈ ದಿವಸಗಳಲ್ಲಿ ಶ್ರೀಮಠದಲ್ಲಿ ಪೂಜೆಯೂ ಪ್ರವಚನವೂ ಭಜನೆಯೂ ತಮ್ಮ ತಮ್ಮ ಕಾಲಕ್ಕೆ ನಡೆಯುತ್ತಿವೆ. ಆದರೆ ಬೆಳಗಿನಿಂದ ರಾತ್ರಿಯವರೆಗೆ ನಿಲ್ಲದೆ ನಡೆಯುತ್ತಿರುವುದು ದಾಸೋಹದ ಪಂಕ್ತಿಯೊಂದೇ. ಒಂದು ಪಂಕ್ತಿ ಏಳುವಷ್ಟರಲ್ಲಿ ಮತ್ತೊಂದು ಕುಳಿತಿರುತ್ತದೆ. ದೂರದ ಹಳ್ಳಿಯಿಂದ ಬಂದ ರೈತನೂ, ಪೇಟೆಯ ವರ್ತಕನೂ, ನ್ಯಾಯವಾದಿಯೂ, ಕೂಲಿಯ ಹೆಣ್ಣುಮಗಳೂ ಒಂದೇ ನೆಲದ ಮೇಲೆ ಕುಳಿತು, ಒಂದೇ ಪಾತ್ರೆಯಿಂದ ಬಡಿಸಿದುದನ್ನು ಉಣ್ಣುತ್ತಾರೆ. ಈ ಪಂಕ್ತಿಯಲ್ಲಿ ಹಸಿವು ಹಿಂಗುವುದೆಂಬುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಅಲ್ಲಿ ಹಸಿವು ಹಿಂಗುವುದರೊಡನೆ ಮನುಷ್ಯನೂ ಸಿದ್ಧನಾಗುತ್ತಾನೆ. ತಾನು ಯಾರು, ತನ್ನ ಬೆಲೆ ಎಷ್ಟು, ಪಕ್ಕದಲ್ಲಿ ಕುಳಿತವನು ತನಗೆ ಏನಾಗಬೇಕು ಎಂಬ ತಿಳಿವಳಿಕೆಯು ಇಂತಹ ಸಣ್ಣ ಸಣ್ಣ ವ್ಯವಹಾರಗಳಲ್ಲಿಯೇ ಅವನಲ್ಲಿ ಮೂಡುತ್ತದೆ. ದಿನದಿನದ ಸಂಗವು ಮನುಷ್ಯನ 'ನಾನು' ಎಂಬ ಭಾವವನ್ನು ಹೇಗೆ ಕಟ್ಟುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ.

ಮೊದಲಿಗೆ ಒಂದು ಸಂದೇಹವನ್ನು ಪರಿಹರಿಸುವುದು ಯುಕ್ತ. ಶಾಸ್ತ್ರಗಳಲ್ಲಿ ಹೇಳಿರುವ ಆತ್ಮವು ಶಿವಾಂಶವಾದುದು. ಅದನ್ನು ಯಾರೂ ಕಟ್ಟುವುದೂ ಇಲ್ಲ, ಕೆಡಿಸುವುದೂ ಇಲ್ಲ. ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ವ್ಯವಹಾರದಲ್ಲಿ ಕಾಣುವ 'ನಾನು'. ನಾಚಿಕೆ, ಅಭಿಮಾನ, ಧೈರ್ಯ, ಅಳುಕು ಇವುಗಳಿಗೆ ಆಶ್ರಯವಾದ 'ನಾನು'. ಇದು ಹುಟ್ಟುವಾಗಲೇ ಮಗುವಿನೊಡನೆ ಬರುವುದಿಲ್ಲ. ಮಾತು ಕಲಿಯುವ ಮಗುವು ಮೊದಮೊದಲು 'ನನಗೆ ಹಾಲು ಬೇಕು' ಎನ್ನದೆ, ಮನೆಯವರು ತನ್ನನ್ನು ಕರೆಯುವ ಹೆಸರನ್ನೇ ಹಿಡಿದು 'ಪುಟ್ಟನಿಗೆ ಹಾಲು ಬೇಕು' ಎನ್ನುವುದನ್ನು ಎಷ್ಟೋ ತಾಯಂದಿರು ಕೇಳಿದ್ದಾರೆ. ಅಂದರೆ ಮಗುವು ತನ್ನನ್ನು ಮೊದಲು ಕಾಣುವುದು ಇತರರ ಕಣ್ಣಿನಿಂದ. ತನ್ನನ್ನು ಮೊದಲು ಕರೆದುಕೊಳ್ಳುವುದು ಇತರರು ಕೊಟ್ಟ ಹೆಸರಿನಿಂದ. 'ನಾನು' ಎಂಬ ಮಾತು ತರುವಾಯ ಬರುತ್ತದೆ.

ಹೀಗಿರಲು, ಮನುಷ್ಯಸಂಗವೇ ದೊರೆಯದೆ ಹೋದರೆ ಏನಾದೀತು? ಇದನ್ನು ಪರೀಕ್ಷಿಸುವುದಕ್ಕಾಗಿ ಮಗುವನ್ನು ಕಾಡಿನಲ್ಲಿ ಬಿಡುವುದು ಮಹಾಪಾಪ. ಆದರೆ ದೈವವಶಾತ್ ಅಂತಹ ಸ್ಥಿತಿಗೆ ಬಂದ ಬಾಲಕನೊಬ್ಬನ ವೃತ್ತಾಂತವು ಫ್ರಾನ್ಸ್ ದೇಶದಲ್ಲಿ ಬರೆದಿಡಲ್ಪಟ್ಟಿದೆ. ೧೮೦೦ನೆಯ ಇಸವಿಯ ಜನವರಿಯಲ್ಲಿ, ಆ ದೇಶದ ದಕ್ಷಿಣದ ಅವೇರೋನ್ ಪ್ರಾಂತದಲ್ಲಿ, ಸುಮಾರು ಹನ್ನೆರಡು ವರ್ಷದ ಹುಡುಗನೊಬ್ಬನು ಕಾಡಿನಿಂದ ಹೊರಬಂದು ಜನರ ಕೈಗೆ ಸಿಕ್ಕಿದನು. ಅವನಿಗೆ ಮಾತಿರಲಿಲ್ಲ. ಕೊಟ್ಟುದನ್ನು ಮೂಸಿ ನೋಡಿ ತಿನ್ನುತ್ತಿದ್ದನು. ಪ್ಯಾರಿಸ್ ಪಟ್ಟಣದ ದೊಡ್ಡ ವೈದ್ಯರೊಬ್ಬರು ಇವನು ಹುಟ್ಟಾ ಬುದ್ಧಿಹೀನನು, ಇವನಿಗೆ ಏನನ್ನು ಕಲಿಸುವುದೂ ವ್ಯರ್ಥ ಎಂದು ತೀರ್ಮಾನಿಸಿದರು. ಇಟಾರ್ ಎಂಬ ತರುಣ ವೈದ್ಯನು ಮಾತ್ರ ಅದನ್ನೊಪ್ಪದೆ, ಆ ಹುಡುಗನಿಗೆ ವಿಕ್ಟರ್ ಎಂದು ಹೆಸರಿಟ್ಟು, ಐದು ವರ್ಷಗಳಷ್ಟು ಕಾಲ ಅವನಿಗೆ ಶಿಕ್ಷಣ ಕೊಟ್ಟನು. ಗೆರಾನ್ ಎಂಬ ಗೃಹಿಣಿಯು ಅವನನ್ನು ತಾಯಿಯಂತೆ ಸಾಕಿದಳು.

ವಿಕ್ಟರನಿಗೆ ಮಾತು ಬರಲೇ ಇಲ್ಲವೆನ್ನಬಹುದು. ಅವನಲ್ಲಿ ಜನ್ಮತಃ ಯಾವುದಾದರೂ ಕೊರತೆಯಿದ್ದಿತೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಆದರೆ ಆ ವೈದ್ಯನು ಬರೆದಿಟ್ಟ ಒಂದು ಸಂಗತಿಯು ಮನಸ್ಸನ್ನು ಕಲಕುವಂತಹುದು. ಊಟದ ವೇಳೆಗೆ ಮೇಜಿನ ಮೇಲೆ ತಟ್ಟೆಗಳನ್ನು ಇಡುವುದು ವಿಕ್ಟರನ ನಿತ್ಯದ ಕೆಲಸವಾಗಿದ್ದಿತು. ಗೆರಾನಳ ಗಂಡನು ಕಾಯಿಲೆಬಿದ್ದು ತೀರಿಕೊಂಡನು. ಇದಾವುದನ್ನೂ ಅರಿಯದ ವಿಕ್ಟರನು ಎಂದಿನಂತೆ ಆ ಯಜಮಾನನ ತಟ್ಟೆಯನ್ನೂ ಅದರ ಸ್ಥಳದಲ್ಲಿಟ್ಟನು. ಅದನ್ನು ಕಂಡ ವಿಧವೆಯ ದುಃಖವು ಉಕ್ಕಿಬಂದಿತು. ಹುಡುಗನು ಅವಳ ಮುಖವನ್ನು ನೋಡಿದನು. ಆ ದುಃಖಕ್ಕೆ ತಾನಿಟ್ಟ ತಟ್ಟೆಯೇ ಕಾರಣವೆಂದು ಅವನಿಗೆ ಹೊಳೆಯಿತು. ತಟ್ಟೆಯನ್ನು ತೆಗೆದು, ಬಾಡಿದ ಮೋರೆಯಿಂದ ಬೀರುವಿನಲ್ಲಿಟ್ಟನು. ಮತ್ತೆಂದೂ ಅದನ್ನು ಹೊರಗೆ ತೆಗೆಯಲಿಲ್ಲ. ಒಂದು ಮಾತನ್ನೂ ಆಡಲಾರದವನು ಇನ್ನೊಬ್ಬರ ಮುಖದಲ್ಲಿ ತನ್ನ ಕೃತ್ಯದ ಫಲವನ್ನು ಓದಿಕೊಂಡನು. ಪಾಠದ ಹಲಗೆಯಿಂದ ಬಾರದ ಈ ವಿವೇಕವು ದಿನವೂ ಜೊತೆಯಲ್ಲಿ ಕುಳಿತು ಉಂಡ ಮೇಜಿನಿಂದ ಬಂದಿತು.

ಇದಕ್ಕೆ ಜೋಡಿಯಾದ ಇನ್ನೊಂದು ನಿದರ್ಶನವು ಅಮೆರಿಕ ದೇಶದ್ದು. ೧೮೮೦ರಲ್ಲಿ ಅಲಬಾಮ ಸಂಸ್ಥಾನದಲ್ಲಿ ಹುಟ್ಟಿದ ಹೆಲೆನ್ ಕೆಲ್ಲರ್ ಎಂಬ ಬಾಲೆಯು ಹತ್ತೊಂಬತ್ತನೆಯ ತಿಂಗಳಿನಲ್ಲಿ ರೋಗಕ್ಕೆ ತುತ್ತಾಗಿ ಕಣ್ಣು ಕಿವಿಗಳೆರಡನ್ನೂ ಕಳೆದುಕೊಂಡಳು. ಮನೆಯವರು ಅವಳ ಮೇಲಿನ ಕರುಣೆಯಿಂದ ಏನು ಮಾಡಿದರೂ ಸುಮ್ಮನಿರುತ್ತಿದ್ದರು. ಊಟದ ಹೊತ್ತಿನಲ್ಲಿ ಅವಳು ಮೇಜಿನ ಸುತ್ತಲೂ ತಡವರಿಸುತ್ತ ಹೋಗಿ ಎಲ್ಲರ ತಟ್ಟೆಗಳಿಗೂ ಕೈಹಾಕಿ ಬೇಕಾದುದನ್ನು ಎತ್ತಿಕೊಳ್ಳುತ್ತಿದ್ದಳು. ೧೮೮೭ರ ಮಾರ್ಚಿಯಲ್ಲಿ ಬಂದ ಆನ್ ಸಲಿವನ್ ಎಂಬ ಗುರುವು ತನ್ನ ತಟ್ಟೆಗೆ ಕೈಹಾಕಗೊಡಲಿಲ್ಲ. ಮನೆಯವರನ್ನು ಹೊರಗೆ ಕಳುಹಿಸಿ, ಬಾಗಿಲು ಹಾಕಿ, ಆ ಮಗುವಿನ ಅಳು ಒದೆತಗಳನ್ನೆಲ್ಲ ಸಹಿಸಿಕೊಂಡು, ತನ್ನ ತಟ್ಟೆಯಲ್ಲಿ ತಾನೇ ಚಮಚದಿಂದ ಉಣ್ಣುವುದನ್ನು ಕಲಿಸಿದಳು. ಕರುಣೆಯು ಮಗುವನ್ನು ಸಂಗದಿಂದ ಹೊರಗಿಟ್ಟಿದ್ದಿತು. ಆ ಗುರುವಿನ ಕಟ್ಟುನಿಟ್ಟು ಅವಳನ್ನು ಸಂಗದೊಳಕ್ಕೆ ಕರೆತಂದಿತು.

ಅದೇ ವರ್ಷದ ಏಪ್ರಿಲ್ ೫ರಂದು, ಬಾವಿಯ ಪಂಪಿನಿಂದ ನೀರು ಒಂದು ಕೈಯ ಮೇಲೆ ಸುರಿಯುತ್ತಿರಲು, ಗುರುವು ಇನ್ನೊಂದು ಅಂಗೈಯಲ್ಲಿ 'ನೀರು' ಎಂಬ ಪದದ ಅಕ್ಷರಗಳನ್ನು ಬೆರಳಿನಿಂದ ಮೂಡಿಸಿದಳು. ಆ ಕ್ಷಣದಲ್ಲಿ ಪದಾರ್ಥಗಳಿಗೆ ಹೆಸರುಂಟೆಂಬ ಬೆಳಕು ಆ ಬಾಲೆಯೊಳಗೆ ಹೊತ್ತಿಕೊಂಡಿತು. ಈ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಅದರ ಹಿಂದುಮುಂದಿನ ಘಟನೆಯನ್ನು ಗಮನಿಸಿದವರು ಕಡಮೆ. ಅಂದೇ, ನೀರಿನ ಬಳಿಗೆ ಹೋಗುವ ಮುನ್ನ, ಅವಳು ಕೋಪದಿಂದ ತನ್ನ ಗೊಂಬೆಯನ್ನು ನೆಲಕ್ಕೆ ಅಪ್ಪಳಿಸಿ ಒಡೆದಿದ್ದಳು. ಆಗ ಅವಳಿಗೆ ಯಾವ ದುಃಖವೂ ಆಗಿರಲಿಲ್ಲ. ನೀರಿನ ಹೆಸರನ್ನರಿತು ಮನೆಯೊಳಕ್ಕೆ ಬಂದ ಬಳಿಕ ಆ ಚೂರುಗಳನ್ನು ಹುಡುಕಿ ಕೂಡಿಸಲೆತ್ನಿಸಿದಳು. ಕಣ್ಣುಗಳಲ್ಲಿ ನೀರು ತುಂಬಿತು. ಪಶ್ಚಾತ್ತಾಪವೆಂಬುದನ್ನು ತಾನು ಮೊತ್ತಮೊದಲು ಅನುಭವಿಸಿದುದು ಆಗಲೇ ಎಂದು ಅವಳು ೧೯೦೩ರಲ್ಲಿ ಪ್ರಕಟವಾದ ತನ್ನ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾಳೆ. ಇನ್ನೊಬ್ಬರೊಡನೆ ಮಾತಿನ ಸಂಬಂಧವು ಬೆಳೆದ ಮೇಲೆಯೇ ತನ್ನೊಡನೆ ತಾನು ಮಾತಾಡಿಕೊಳ್ಳುವ ಶಕ್ತಿಯು ಬರುತ್ತದೆ. 'ನಾನು ಮಾಡಿದುದು ತಪ್ಪು' ಎನ್ನುವ 'ನಾನು' ಆಗ ಹುಟ್ಟುತ್ತದೆ.

ಪಾಶ್ಚಾತ್ಯ ವಿದ್ವಾಂಸರಲ್ಲಿ ಇಬ್ಬರು ಈ ವಿಷಯವನ್ನು ಶಾಸ್ತ್ರೀಯವಾಗಿ ವಿಚಾರಿಸಿದ್ದಾರೆ. ಚಾರ್ಲ್ಸ್ ಹಾರ್ಟನ್ ಕೂಲಿ ಎಂಬವರು ೧೯೦೨ರಲ್ಲಿ ಮನುಷ್ಯನ 'ನಾನು' ಎಂಬುದನ್ನು ಕನ್ನಡಿಯಲ್ಲಿ ಕಾಣುವ ಬಿಂಬಕ್ಕೆ ಹೋಲಿಸಿದರು. ಇತರರ ಕಣ್ಣಿಗೆ ತಾನು ಹೇಗೆ ಕಾಣುತ್ತಿರುವೆನೆಂದು ಮನುಷ್ಯನು ಊಹಿಸುತ್ತಾನೆ. ಅದನ್ನು ಕಂಡು ಅವರು ತನ್ನ ವಿಷಯದಲ್ಲಿ ಏನೆಂದುಕೊಂಡಾರೆಂದು ಊಹಿಸುತ್ತಾನೆ. ಆ ಊಹೆಯಿಂದ ಅವನಲ್ಲಿ ಅಭಿಮಾನವೋ ಅವಮಾನವೋ ಹುಟ್ಟುತ್ತದೆ. ಹೊಸ ಅಂಗಿಯನ್ನು ತೊಟ್ಟ ಬಾಲಕನು ಅಜ್ಜಿಯ ಮುಂದೆ ನಿಂತು ಅವಳ ಮುಖವನ್ನೇ ನೋಡುವುದು ಈ ಕನ್ನಡಿಯಲ್ಲಿ. ಸಭೆಯಲ್ಲಿ ಮಾತು ತಪ್ಪಿದವನು ತಲೆ ತಗ್ಗಿಸುವುದೂ ಈ ಕನ್ನಡಿಯ ಮುಂದೆಯೇ.

ಎರಡನೆಯವರು ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಜಾರ್ಜ್ ಹರ್ಬರ್ಟ್ ಮೀಡ್. ಇವರು ತಮ್ಮ ತತ್ತ್ವವನ್ನು ತಾವಾಗಿ ಗ್ರಂಥರೂಪಕ್ಕೆ ತರದೆ ೧೯೩೧ರಲ್ಲಿ ಕಾಲವಾದರು. ಶಿಷ್ಯರು ಪಾಠದ ವೇಳೆಯಲ್ಲಿ ಬರೆದುಕೊಂಡ ಟಿಪ್ಪಣಿಗಳೇ ಮುಖ್ಯ ಆಧಾರವಾಗಿ ೧೯೩೪ರಲ್ಲಿ ಅವರ ಪ್ರಸಿದ್ಧ ಗ್ರಂಥವು ಹೊರಬಿದ್ದಿತು. ಗುರುವಿನ ಮಾತು ಶಿಷ್ಯರಿಂದ ಉಳಿದುಬರುವ ಸಂಪ್ರದಾಯವು ಮಠದ ಭಕ್ತರಿಗೆ ಹೊಸದಲ್ಲ. ಮಕ್ಕಳ ಆಟದಲ್ಲಿಯೇ 'ನಾನು' ಬೆಳೆಯುವುದೆಂದು ಮೀಡ್ ಅವರ ಅಭಿಪ್ರಾಯ. ಚಿಕ್ಕ ಮಗುವು ಒಮ್ಮೆ ತಾಯಿಯಾಗಿ ಗೊಂಬೆಯನ್ನು ಗದರುತ್ತದೆ, ಮರುಕ್ಷಣವೇ ಅಂಗಡಿಯವನಾಗಿ ಮಣ್ಣನ್ನು ತೂಗಿ ಮಾರುತ್ತದೆ. ಹೀಗೆ ಒಬ್ಬೊಬ್ಬರ ಸ್ಥಾನದಲ್ಲಿ ನಿಂತು ನೋಡಿದಾಗಲೇ ಅದಕ್ಕೆ ತನ್ನ ಸ್ಥಾನವೂ ತಿಳಿಯುತ್ತದೆ. ಸ್ವಲ್ಪ ದೊಡ್ಡದಾದ ಮೇಲೆ ಕಬಡ್ಡಿಯಂತಹ ಆಟಕ್ಕೆ ಇಳಿದಾಗ ಒಬ್ಬರ ಸ್ಥಾನವನ್ನು ತಿಳಿದರೆ ಸಾಲದು. ಹಿಡಿಯುವವನು, ಅಡ್ಡಗಟ್ಟುವವನು, ಎದುರಿನಿಂದ ಬರುವವನು ಇವರೆಲ್ಲರೂ ಏನು ಮಾಡಿಯಾರೆಂಬುದನ್ನು ಏಕಕಾಲದಲ್ಲಿ ಮನಸ್ಸಿನಲ್ಲಿರಿಸಿಕೊಂಡು ಆಡಬೇಕು. ಆಟದ ನಿಯಮವು ಆಗ ಒಳಗಿನ ನಿಯಮವಾಗುತ್ತದೆ. ಸಮಾಜವೆಲ್ಲವೂ ಒಬ್ಬ ಹಿರಿಯನಂತೆ ಅಂತರಂಗದಲ್ಲಿ ಬಂದು ಕೂರುವುದು ಹೀಗೆ.

ಶರಣಬಂಧುಗಳೇ, ಸಂಗವು ಮನುಷ್ಯನನ್ನು ಕಟ್ಟುವುದೆಂಬ ಈ ಮಾತನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಯಾಣದ ಶರಣರು ಆಚರಣೆಗೆ ತಂದಿದ್ದರು. ಒಬ್ಬ ಮನುಷ್ಯನನ್ನು ಕರೆಯುವ ರೀತಿಯಲ್ಲಿಯೇ ಅವನಿಗೆ ಉನ್ನತಿಯೂ ಅಧೋಗತಿಯೂ ಇದೆಯೆಂಬ ಅರ್ಥದ ಬಸವಣ್ಣನವರ ವಚನವು ಭಕ್ತರೆಲ್ಲರಿಗೂ ಕಂಠಸ್ಥವಾಗಿರುವುದರಿಂದ ಅದನ್ನಿಲ್ಲಿ ಮತ್ತೆ ಹೇಳಬೇಕಾಗಿಲ್ಲ. ಕನ್ನಡದಲ್ಲಿ 'ನೀನು' ಎಂದರೂ 'ತಾವು' ಎಂದರೂ ವ್ಯಾಕರಣದಲ್ಲಿ ಮಧ್ಯಮಪುರುಷನ ಸ್ಥಾನವೊಂದೇ. ಆದರೆ ದಿನಕ್ಕೆ ನೂರು ಸಲ ಏಕವಚನದಲ್ಲಿ ಗದರಿಸಿಕೊಂಡವನ ಬೆನ್ನು ಬಾಗುವ ಬಗೆಯೇ ಬೇರೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ ಎಂಬ ಹೆಸರುಗಳನ್ನು ಗಮನಿಸಬೇಕು. ಕಾಯಕದ ಹೆಸರನ್ನು ಯಾರೂ ಮರೆಮಾಡಲಿಲ್ಲ. ಲೋಕವು ಯಾವ ಹೆಸರಿನಿಂದ ಅವರನ್ನು ಕೀಳಾಗಿ ಕಂಡಿದ್ದಿತೋ ಅದೇ ಹೆಸರಿನೊಡನೆ 'ಅಯ್ಯ' 'ಅಣ್ಣ' ಎಂಬುದು ಸೇರಿಕೊಂಡಿತು. ಉಡುತಡಿಯ ಮಹಾದೇವಿಯು ಕಲ್ಯಾಣದ ಹಿರಿಯರಿಗೂ 'ಅಕ್ಕ'ನಾದಳು. ಇಂತಹ ಕರೆಯನ್ನು ಕೇಳಿದ ಜನರು ವಚನಗಳನ್ನು ನುಡಿದರು; ಅವರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಹೆಣ್ಣುಮಕ್ಕಳಿದ್ದರು. ಗೌರವದಿಂದ ಕರೆಯಲ್ಪಟ್ಟ ಬಳಿಕವೇ ಅವರ ಕೊರಳು ತೆರೆಯಿತೆಂದರೆ ಅತಿಶಯೋಕ್ತಿಯಾಗಲಾರದು.

ಸಂಗವೆಂದರೆ ಹೊಗಳಿಕೆಯ ಮಾತಷ್ಟೇ ಅಲ್ಲವೆಂಬುದಕ್ಕೆ ಆಯ್ದಕ್ಕಿ ಲಕ್ಕಮ್ಮನವರ ಕಥೆಯೇ ಸಾಕ್ಷಿ. ಪತಿಯಾದ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಿತು. ಲಕ್ಕಮ್ಮನವರು ಅದನ್ನು ಕಂಡು, ಈ ಹೆಚ್ಚಿನ ಅಕ್ಕಿ ಆಸೆಯಿಂದ ಬಂದುದು, ಆಯ್ದ ಸ್ಥಳದಲ್ಲಿಯೇ ಸುರಿದು ಬನ್ನಿರೆಂದು ಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು. ಇದು ಅಡುಗೆಮನೆಯಲ್ಲಿ ಮೊರದ ಮುಂದೆ ನಡೆದ ಮಾತುಕತೆ. ಆದರೆ ಒಂದು ಹಿಡಿ ಅಕ್ಕಿಯ ವಿಷಯದಲ್ಲಿ ಮಡದಿಯಾಡಿದ ಆ ಒಂದು ಮಾತು ಗಂಡನೊಳಗಿನ 'ನಾನು' ಎಂಬುದನ್ನು ತಿದ್ದಿತು. ಹೆಂಡತಿಯ ಮಾತನ್ನು ಕೇಳಿ ತಿದ್ದಿಕೊಳ್ಳುವ ವಿನಯವು ಗಂಡನಲ್ಲಿಯೂ, ತಿದ್ದುವ ಧೈರ್ಯವು ಹೆಂಡತಿಯಲ್ಲಿಯೂ ಇರುವ ಮನೆಯೇ ದೊಡ್ಡ ಪಾಠಶಾಲೆ.

ಸಂಗವು ಕಟ್ಟಬಲ್ಲುದಾದರೆ ಅದೇ ಸಂಗವು ಮುರಿಯಲೂ ಬಲ್ಲುದು. ಇದನ್ನು ಮರೆತರೆ ವಿಷಯವನ್ನು ಅರ್ಧವೇ ಹೇಳಿದಂತಾದೀತು. ೧೮೯೧ರಲ್ಲಿ ಹುಟ್ಟಿದ ಡಾ. ಭೀಮರಾವ್ ಅಂಬೇಡ್ಕರ್ ಅವರು ತಮ್ಮ ಬಾಲ್ಯದ ಶಾಲೆಯ ವಿಷಯವಾಗಿ ಬರೆದಿಟ್ಟಿದ್ದಾರೆ. ತರಗತಿಯಲ್ಲಿ ಅವರು ಸಹಪಾಠಿಗಳ ನಡುವೆ ಕೂರುವಂತಿರಲಿಲ್ಲ; ಒಂದು ಮೂಲೆಯಲ್ಲಿ ಪ್ರತ್ಯೇಕವಾದ ಗೋಣಿತಟ್ಟಿನ ಮೇಲೆ ಕೂರಬೇಕಾಗಿದ್ದಿತು. ಶಾಲೆಯನ್ನು ಗುಡಿಸುವ ಆಳೂ ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲವಾದುದರಿಂದ ಸಾಯಂಕಾಲ ಅದನ್ನು ಮನೆಗೆ ಒಯ್ದು ಮರುದಿನ ಮತ್ತೆ ತರಬೇಕಾಗಿದ್ದಿತು. ಬಾಯಾರಿದರೆ ನಲ್ಲಿಯನ್ನು ತಾವಾಗಿ ಮುಟ್ಟುವಂತಿರಲಿಲ್ಲ. ಜವಾನನು ಬಂದು ತಿರುಗಿಸಬೇಕು. ಅವನು ಇಲ್ಲದ ದಿನ ನೀರೂ ಇಲ್ಲ. ಒಂದು ದೇಶದಲ್ಲಿ ನೀರು ಎಂಬ ಪದವು ಒಂದು ಮಗುವನ್ನು ಮನುಷ್ಯರ ಸಂಗಕ್ಕೆ ಕರೆತಂದಿತು. ಇನ್ನೊಂದು ದೇಶದಲ್ಲಿ ಅದೇ ನೀರು ಮಗುವೊಂದಕ್ಕೆ 'ನೀನು ಈ ಸಂಗಕ್ಕೆ ಸೇರಿದವನಲ್ಲ' ಎಂದು ದಿನವೂ ಹೇಳಿತು. ಆ ಶಾಲೆಯಲ್ಲಿ ಗಣಿತವನ್ನೂ ಭಾಷೆಯನ್ನೂ ಪುಸ್ತಕದಿಂದ ಕಲಿಸುತ್ತಿದ್ದರು. ಆದರೆ ಬೆಲೆಯ ಪಾಠವನ್ನು ಕಲಿಸುತ್ತಿದ್ದುದು ಗೋಣಿತಟ್ಟು. ಮೂಲೆಯಲ್ಲಿ ಕುಳಿತವನು ತಾನು ಕೀಳೆಂದೂ, ನಡುವೆ ಕುಳಿತವರು ತಾವು ಮೇಲೆಂದೂ ಆ ಪಾಠವು ಹೇಳುತ್ತಿದ್ದಿತು. ಎರಡೂ ಸುಳ್ಳೇ, ಎರಡೂ ಮನಸ್ಸನ್ನು ಕೆಡಿಸುವಂತಹವೇ.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಮನುಷ್ಯನು ಸಂಗದಿಂದಲೇ ರೂಪುಗೊಳ್ಳುವನಾದರೆ ಅವನು ಕುಂಬಾರನ ಕೈಯ ಮಣ್ಣಿನಂತಾದನಲ್ಲವೇ? ಅವನ ತಪ್ಪಿಗೆ ಅವನು ಹೊಣೆಯೇ? ಗೋಣಿಯ ಮೇಲೆ ಕುಳಿತ ಬಾಲಕನೇ ಮುಂದೆ ಭಾರತದ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷನಾದುದು ಹೇಗೆ? ಇದಕ್ಕೆ ಸಮಾಧಾನವಿದೆ. ಇತರರ ನೋಟದಿಂದ ಸಿದ್ಧವಾದ 'ನಾನು' ಒಂದು, ಅದಕ್ಕೆ ಉತ್ತರ ಕೊಡುವ 'ನಾನು' ಇನ್ನೊಂದು ಎಂದು ಮೀಡ್ ಅವರೇ ವಿಭಾಗಿಸಿದ್ದಾರೆ. ಸಂಗವು ಪ್ರಶ್ನೆಯನ್ನು ಕೊಡುತ್ತದೆ, ಉತ್ತರವು ಮನುಷ್ಯನದು. ಮೇಲಾಗಿ ಆ ಬಾಲಕನಿಗೆ ಗೋಣಿಯೊಂದೇ ಸಂಗವಾಗಿರಲಿಲ್ಲ; ವಿದ್ಯೆಯಲ್ಲಿ ಆಸಕ್ತಿಯುಳ್ಳ ತಂದೆಯಿದ್ದರು, ಮುಂದೆ ಪುಸ್ತಕಗಳ ಸಂಗವೂ ದೊರೆಯಿತು. ಆದರೆ ಒಬ್ಬನು ಎದ್ದು ನಿಂತನೆಂಬುದರಿಂದ ಗೋಣಿಯನ್ನು ಹಾಸಿದ ಕೈಗಳು ನಿರ್ದೋಷಿಗಳಾಗುವುದಿಲ್ಲ. ಏಳಲಾರದೆ ಹೋದ ಅಸಂಖ್ಯಾತ ಮಕ್ಕಳ ಹೆಸರು ಯಾವ ಗ್ರಂಥದಲ್ಲಿಯೂ ಇಲ್ಲ.

ಶರಣಮಾರ್ಗದಲ್ಲಿ ಈ ಉತ್ತರ ಕೊಡುವ 'ನಾನು' ಎಂಬುದನ್ನು ಬಲಪಡಿಸುವ ಸಾಧನವೂ ಇದೆ. ದಿನವೂ ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ದೃಷ್ಟಿಯನ್ನು ಅದರಲ್ಲಿ ನಿಲ್ಲಿಸುವ ಆ ಅಲ್ಪಕಾಲದಲ್ಲಿ ಭಕ್ತನು ಲೋಕದ ಕನ್ನಡಿಗಳಿಂದ ಮುಖ ತಿರುಗಿಸುತ್ತಾನೆ. ಅಲ್ಲಿ ಹೊಗಳುವವರೂ ಇಲ್ಲ, ಹಳಿಯುವವರೂ ಇಲ್ಲ. ಆದರೆ ಪೂಜೆ ಮುಗಿದ ಮೇಲೆ ಅವನು ಪಂಕ್ತಿಗೆ ಬರಲೇಬೇಕು. ಅಕ್ಕಮಹಾದೇವಿಯವರು ಅರಮನೆಯ ಸಂಗವನ್ನು ತೊರೆದು ಒಂಟಿಯಾಗಿ ನಡೆದರು. ನಡೆದು ಬಂದುದು ಕಲ್ಯಾಣದ ಶರಣರ ಸಂಗಕ್ಕೆ. ಏಕಾಂತವು ಸಂಗವನ್ನು ಶೋಧಿಸುತ್ತದೆ, ಸಂಗವು ಏಕಾಂತವನ್ನು ಪರೀಕ್ಷಿಸುತ್ತದೆ.

ಇನ್ನು ಈ ಕಾಲದ ವಿಷಯ. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಕಾನೂನು ಗೋಣಿತಟ್ಟನ್ನು ತೆಗೆಯಬಲ್ಲುದು; ಆದರೆ ಧ್ವನಿಯಲ್ಲಿರುವ ತಿರಸ್ಕಾರವನ್ನು ಅದು ತೆಗೆಯಲಾರದು. ಆ ಕೆಲಸವು ಮನೆಯವರದು, ಮಠದವರದು. ಜಂಗಮವಾಣಿಯೆಂದು ಕನ್ನಡದಲ್ಲಿ ಹೆಸರು ಪಡೆದಿರುವ ಮೊಬೈಲ್ ಯಂತ್ರವನ್ನು ನೋಡುತ್ತ ಉಣ್ಣುವ ತಂದೆಯು, ಎದುರಿಗೆ ಕುಳಿತು ಏನನ್ನೋ ಹೇಳಬಂದ ಮಗುವಿಗೆ ಬೆನ್ನು ತೋರಿಸಿದಂತೆಯೇ ಸರಿ. ಅವನು ಬೈದಿಲ್ಲ, ಹೊಡೆದಿಲ್ಲ. ಆದರೂ ಮಗುವು ನೋಡಿಕೊಳ್ಳಬೇಕಾದ ಕನ್ನಡಿಯು ಅಲ್ಲಿಲ್ಲ. ಜಂಗಮವೆಂಬ ಹೆಸರನ್ನು ಹೊತ್ತ ವಸ್ತುವು ಮನೆಯ ಸಂಗವನ್ನೇ ಕೆಡಿಸಬಾರದು.

ಮಠಗಳ ಹೊಣೆಯು ಇದಕ್ಕಿಂತಲೂ ದೊಡ್ಡದು. ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟುದನ್ನು ನಾಡೆಲ್ಲವೂ ಬಲ್ಲುದು. ಯಾವ ಪ್ರಸಾದನಿಲಯದಲ್ಲಿಯೇ ಆಗಲಿ, ಹಳ್ಳಿಯಿಂದ ಹೊಸದಾಗಿ ಬಂದ ಬಾಲಕನು ಮೊದಲ ದಿನಗಳಲ್ಲಿ ಗೋಡೆಗೊರಗಿ ನಿಂತಿರುತ್ತಾನೆ. ಹಿರಿಯ ವಿದ್ಯಾರ್ಥಿಯೊಬ್ಬನು 'ಬಾ ತಮ್ಮಾ, ಇಲ್ಲಿ ಕುಳಿತುಕೋ' ಎಂದು ಪಕ್ಕದಲ್ಲಿ ಸ್ಥಳ ಕೊಟ್ಟರೆ ಆ ಬಾಲಕನು ಅಂದೇ ಆ ಮನೆಯವನಾಗುತ್ತಾನೆ. ಮರುವರ್ಷ ಅವನೇ ಸಾರಿನ ಪಾತ್ರೆಯನ್ನು ಹಿಡಿದು, ಗೋಡೆಗೊರಗಿ ನಿಂತ ಇನ್ನೊಬ್ಬನನ್ನು ಕರೆಯುತ್ತಾನೆ. ಅದಕ್ಕೆ ವಿರೋಧವಾಗಿ, ಕಾಣಿಕೆ ಕೊಟ್ಟ ಧನಿಕರಿಗೆ ಒಳಗಿನ ಕೋಣೆ, ಬಡವರಿಗೆ ಹೊರಗಿನ ಪಡಸಾಲೆ ಎಂಬ ವ್ಯವಸ್ಥೆಯು ಎಲ್ಲಿಯಾದರೂ ತಲೆಹಾಕಿದರೆ, ಹೊರಗೆ ಕುಳಿತ ಬಾಲಕನು ಅದನ್ನೂ ಕಲಿಯುತ್ತಾನೆ. ಬೆಳಿಗ್ಗೆ ಕೇಳಿದ ಪ್ರವಚನವನ್ನು ಮರೆತಾನು. ತುಪ್ಪದ ಮಿಳ್ಳೆಯು ತನ್ನ ಎಲೆಯನ್ನು ದಾಟಿ ಹೋದುದನ್ನು ಅವನು ಮುಪ್ಪಿನವರೆಗೂ ಮರೆಯಲಾರನು.

ಆದುದರಿಂದ, ಬಡಿಸುವವರು ತಮ್ಮ ಕೈಯಲ್ಲಿರುವುದು ಅನ್ನದ ಪಾತ್ರೆ ಮಾತ್ರವೆಂದು ತಿಳಿಯಬಾರದು. ಪಂಕ್ತಿಯ ತುದಿಯಲ್ಲಿ ಕುಳಿತವನ ಮುಖವನ್ನು ನೋಡಿ, 'ಇನ್ನಷ್ಟು ಬೇಕೇ?' ಎಂದು ಕೇಳುವ ಆ ಒಂದು ಮಾತಿನಲ್ಲಿ ಒಬ್ಬ ಮನುಷ್ಯನು ತನ್ನನ್ನು ತಾನು ಮನುಷ್ಯನೆಂದು ಕಂಡುಕೊಳ್ಳುತ್ತಾನೆ. ಶರಣರು ಎದುರಾದಾಗ ಇಬ್ಬರೂ ಬಾಗಿ ಶರಣೆನ್ನುವ ಪದ್ಧತಿಯ ಅರ್ಥವೂ ಇದೇ. ಅಲ್ಲಿ ಒಬ್ಬನು ಮೇಲಾಗಿ ಇನ್ನೊಬ್ಬನು ಕೆಳಗಾಗುವುದಿಲ್ಲ, ಇಬ್ಬರೂ ಒಬ್ಬರಿಂದೊಬ್ಬರು ದೊಡ್ಡವರಾಗುತ್ತಾರೆ. ಶ್ರೀಮಠದ ಈ ಪಂಕ್ತಿಯು ಎಂದಿಗೂ ಮುರಿಯದಿರಲಿ. ಅದರಲ್ಲಿ ಕುಳಿತೇಳುವ ಪ್ರತಿಯೊಬ್ಬರೂ ಹೊಟ್ಟೆ ತುಂಬಿದವರಾಗಿ, ತಲೆಯೆತ್ತಿದವರಾಗಿ ತಮ್ಮ ಊರುಗಳಿಗೆ ಹಿಂದಿರುಗಲಿ.